ಸಣ್ಣ ವಿಮಾನ ಯಾಕೆ ಬಿತ್ತು? ಅಪಘಾತ ವರದಿ ಓದುವುದು ಹೀಗೆ

ಮಗನನ್ನೋ ಮಗಳನ್ನೋ ಫ್ಲೈಯಿಂಗ್ ಸ್ಕೂಲಿಗೆ ಸೇರಿಸುವ ಮುಂಚೆ ನಮ್ಮ ಕಡೆಯವರು ನನ್ನ ಹತ್ತಿರ ಕೇಳುವುದು ಒಂದೇ ಪ್ರಶ್ನೆ. "ಅಂಕಲ್, ಈ ಸಣ್ಣ ವಿಮಾನ ಸೇಫಾ?" ನಾನು ವಾಯುಪಡೆಯಲ್ಲಿ ಇಂಜಿನ್ ಫಿಟ್ಟರ್ ಆಗಿದ್ದವನು. ಈಗ ನಾಪೋಕ್ಲು ಹತ್ತಿರ ಕಾಫಿ, ಕರಿಮೆಣಸು ನೋಡಿಕೊಂಡಿದ್ದೇನೆ. ಕೊಡಗಿನಲ್ಲಿ ವಿಮಾನ ನಿಲ್ದಾಣ ಇಲ್ಲದಿದ್ದರೂ 1965ರ ಯುದ್ಧದ ವೀರ, ನಮ್ಮ ಕೊಡಗಿನ ಸ್ಕ್ವಾಡ್ರನ್ ಲೀಡರ್ ದೇವಯ್ಯನವರ ಹೆಸರು ಕೇಳಿ ಬೆಳೆದ ಮಕ್ಕಳಿಗೆ ವಿಮಾನದ ಹುಚ್ಚಿಗೇನೂ ಕಡಿಮೆ ಇಲ್ಲ. ಕೇಳಿದವರಿಗೆ ನಾನು ಹೌದು, ಇಲ್ಲ ಅನ್ನುವುದಿಲ್ಲ. ವರದಿ ಓದಲು ಹೇಳಿಕೊಡುತ್ತೇನೆ.

ಮೊದಲು ಬೇಕಾಗಿರುವುದು ವಿಮಾನದ ನಂಬರ್. ಭಾರತದ ನಾಗರಿಕ ವಿಮಾನಗಳ ಮೈಮೇಲೆ ವಿಟಿ ಅಂತ ಶುರುವಾಗುವ ಅಕ್ಷರಗಳಿರುತ್ತವೆ. ಒಬ್ಬಿಬ್ಬರು ಕೂರುವ ಹಗುರ ವಿಮಾನ ಮೈಕ್ರೋಲೈಟಿಗೂ ಇರುತ್ತದೆ. ಫೋನಿನಲ್ಲಿ ಒಂದು ಫೋಟೋ ತೆಗೆದುಕೊಳ್ಳಿ. ನಮ್ಮಲ್ಲಿ 2012ರಿಂದ ಅಪಘಾತ ತನಿಖೆಗೆ ಎಎಐಬಿ ಎಂಬ ಪ್ರತ್ಯೇಕ ಸಂಸ್ಥೆ ಇದೆ. ಅದಕ್ಕೂ ಮುಂಚೆ ನಾಗರಿಕ ವಿಮಾನಯಾನ ನಿಯಂತ್ರಿಸುವ ಡಿಜಿಸಿಎ ನೋಡಿಕೊಳ್ಳುತ್ತಿತ್ತು. ಎಎಐಬಿ ವೆಬ್‌ಸೈಟಿನಲ್ಲಿ ವರದಿಗಳು ಪಿಡಿಎಫ್ ಆಗಿ ಸಿಗುತ್ತವೆ. ಕಾಸು ಕೊಡಬೇಕಾಗಿಲ್ಲ.

ನಂಬರ್ ಹಾಕಿ ಏನೂ ಸಿಗದಿದ್ದರೆ ವಿಮಾನಕ್ಕೆ ಏನೂ ಆಗಿಲ್ಲ ಅಂತಲ್ಲ. ನಮ್ಮ ಸ್ಕೂಲುಗಳಲ್ಲಿ ಅಮೆರಿಕದಿಂದ ಸೆಕೆಂಡ್ ಹ್ಯಾಂಡ್ ಬಂದ ವಿಮಾನಗಳೂ ಇವೆ. ಇಲ್ಲಿ ಬಂದ ಮೇಲೆ ನಂಬರ್ ಬದಲಾಗಿರುತ್ತದೆ, ಆದರೆ ಕಂಪನಿ ಹೊಡೆದ ಸೀರಿಯಲ್ ನಂಬರ್ ಬದಲಾಗುವುದಿಲ್ಲ. ಆ ಸೀರಿಯಲ್ ನಂಬರ್ ಹಿಡಿದು ಅಮೆರಿಕದ ವಿಮಾನಯಾನ ಇಲಾಖೆ ಎಫ್ಎಎಯ ನೋಂದಣಿ ಪಟ್ಟಿಯಲ್ಲಿ ಹುಡುಕಿದರೆ ಹಳೆಯ ನಂಬರ್ ಸಿಗುತ್ತದೆ. ಅದು ಎನ್ ಅಕ್ಷರದಿಂದ ಶುರುವಾಗುತ್ತದೆ. ಅದನ್ನು ಅಲ್ಲಿನ ಎನ್‌ಟಿಎಸ್‌ಬಿ ತನಿಖಾ ಸಂಸ್ಥೆಯ ಹುಡುಕಾಟದಲ್ಲಿ ಹಾಕಿ. 1962ರಿಂದ ಈಚಿನ ಅಪಘಾತಗಳೆಲ್ಲ ಅಲ್ಲಿವೆ.

ಮಾಡೆಲ್ ಹೆಸರು ಹಾಕಿ ಹುಡುಕುವಾಗ ಮಾತ್ರ ಗಾಬರಿ ಬೇಡ. ಸ್ಕೂಲುಗಳಲ್ಲಿ ಕಾಣುವ ನಾಲ್ಕು ಸೀಟಿನ ಸೆಸ್ನಾ 172 ಅಂತ ಹಾಕಿದರೆ ರಾಶಿ ರಾಶಿ ಅಪಘಾತ ಬರುತ್ತವೆ. ಆ ವಿಮಾನ ಮೊದಲು ಹಾರಿದ್ದು 1955ರಲ್ಲಿ. ಇದುವರೆಗೆ 44,000ಕ್ಕೂ ಜಾಸ್ತಿ ತಯಾರಾಗಿವೆ. ಜಗತ್ತಿನ ಅರ್ಧ ಪೈಲಟ್‌ಗಳು ಅದರಲ್ಲೇ ಕಲಿತವರೇನೋ ಅನ್ನಿಸುವಷ್ಟು. ಹಾಗಾಗಿ ಎಷ್ಟು ಬಿದ್ದಿವೆ ಅನ್ನುವುದಕ್ಕಿಂತ ಲಕ್ಷ ಗಂಟೆ ಹಾರಾಟಕ್ಕೆ ಎಷ್ಟು ಬಿದ್ದಿವೆ ಅಂತ ನೋಡಬೇಕು. ಅಮೆರಿಕದಲ್ಲಿ ಸಣ್ಣ ವಿಮಾನಗಳ ಒಟ್ಟು ಲೆಕ್ಕ ಈಚಿನ ವರ್ಷಗಳಲ್ಲಿ ಲಕ್ಷ ಗಂಟೆಗೆ ಸುಮಾರು 1 ಸಾವಿನ ಅಪಘಾತ.

ಈಗ ಓದುವ ಕೆಲಸ. ಎಲ್ಲರೂ ಸೀದಾ ಕೊನೆಯ ಪುಟಕ್ಕೆ ಹೋಗುತ್ತಾರೆ, ಅಲ್ಲಿ 'ಪೈಲಟ್ ತಪ್ಪು' ಅಂತ ನೋಡುತ್ತಾರೆ, ಫೈಲ್ ಮುಚ್ಚುತ್ತಾರೆ. ಸಣ್ಣ ವಿಮಾನಗಳ ಅಪಘಾತಗಳಲ್ಲಿ ಸುಮಾರು ಮುಕ್ಕಾಲು ಪಾಲಿಗೆ ಕಾರಣ ಪೈಲಟ್ ಕಡೆಯದ್ದೇ. ಆದರೆ ಆ ಎರಡು ಪದ ಓದಿದರೆ ನಿಮಗೆ ಏನು ಗೊತ್ತಾಯಿತು? ಏನೂ ಇಲ್ಲ. ತಪ್ಪು ಆಗಿದ್ದು ಆಕಾಶದಲ್ಲಾ, ನೆಲದ ಮೇಲೆ ಹೊರಡುವ ಮುಂಚೆಯಾ ಅನ್ನುವುದನ್ನು ಹುಡುಕಬೇಕು. ನಾನು ಓದಿದ್ದರಲ್ಲಿ ಜಾಸ್ತಿ ನೆಲದ ಮೇಲೆ ಶುರುವಾದವೇ.

ಅದೃಷ್ಟಕ್ಕೆ ನಮ್ಮ ಎಎಐಬಿ ವರದಿಗಳು ಅಂತಾರಾಷ್ಟ್ರೀಯ ನಿಯಮದ ಪ್ರಕಾರ ಒಂದೇ ಕ್ರಮದಲ್ಲಿರುತ್ತವೆ. 1.1ರಲ್ಲಿ ಹಾರಾಟದ ಕಥೆ. 1.5ರಲ್ಲಿ ಪೈಲಟ್ ವಿವರ. 1.6ರಲ್ಲಿ ವಿಮಾನ, ಅದರ ತೂಕ, ಇಂಧನ, ರಿಪೇರಿ. 1.7ರಲ್ಲಿ ಹವಾಮಾನ. 1.12ರಲ್ಲಿ ಅವಶೇಷ. ನಾನು 1.1 ಓದಿ ನೇರ 1.7ಕ್ಕೆ ಹೋಗುತ್ತೇನೆ. ಆಮೇಲೆ 1.6, 1.12, ಕೊನೆಗೆ 1.5. ತೀರ್ಮಾನದ ಪುಟ ಓದುವ ಮುಂಚೆ ಒಂದು ಚೀಟಿಯಲ್ಲಿ ನಿಮ್ಮ ಊಹೆ ಬರೆದಿಡಿ. ಕಲಿಯಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ.

1.7 ಯಾಕೆ ಮೊದಲು? ನನ್ನ ತಂಗಿಯ ಮಗಳು ಪೈಲಟ್ ಆಗಲು ಓದುತ್ತಿದ್ದಾಳೆ. ಒಂದು ಸಂಜೆ ಸೆಸ್ನಾ 152 ವರದಿ ಹಿಡಿದು ಫೋನ್ ಮಾಡಿದಳು. "ಮಾವ, ಇಂಜಿನ್ ಬಿಚ್ಚಿ ನೋಡಿದ್ದಾರೆ, ದೋಷ ಏನೂ ಇಲ್ಲ ಅಂತಾರೆ. ಮತ್ತೆ ಯಾಕೆ ನಿಂತಿತು?" ನಾನು ಕೇಳಿದ್ದು ಇಷ್ಟೇ: "ಟೆಂಪರೇಚರ್ ಎಷ್ಟು, ಡ್ಯೂ ಪಾಯಿಂಟ್ ಎಷ್ಟು?" 18, 17 ಅಂದಳು. ಡ್ಯೂ ಪಾಯಿಂಟ್ ಅಂದರೆ ಗಾಳಿಯ ತೇವ ಇಬ್ಬನಿಯಾಗಿ ಇಳಿಯುವ ಶಾಖ. ಎರಡೂ ಅಷ್ಟು ಹತ್ತಿರ ಇವೆ ಅಂದರೆ ಗಾಳಿಯಲ್ಲಿ ನೀರು ತುಂಬಿಕೊಂಡಿದೆ. ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬ್ಯುರೇಟರ್ ಒಳಗೆ ಗಾಳಿ ಇಕ್ಕಟ್ಟಿನಲ್ಲಿ ಹಾದುಹೋಗುತ್ತದೆ, ಪೆಟ್ರೋಲ್ ಆವಿಯಾಗುತ್ತದೆ, ಅಲ್ಲಿನ ಶಾಖ ಧಡಕ್ಕನೆ ಇಳಿಯುತ್ತದೆ. ಹೊರಗೆ 18 ಡಿಗ್ರಿ ಇದ್ದರೂ ಒಳಗೆ ಐಸ್ ಕಟ್ಟುತ್ತದೆ. ಹೊರಗೆ 21 ಡಿಗ್ರಿಗಿಂತ ಕಡಿಮೆ, ತೇವಾಂಶ 80 ಪರ್ಸೆಂಟ್‌ಗಿಂತ ಜಾಸ್ತಿ ಇದ್ದರೆ ಅಪಾಯ ಹೆಚ್ಚು. ನಮ್ಮ ಕೊಡಗಿನ ಮಳೆಗಾಲದ ಕಕ್ಕಡ ತಿಂಗಳ ಹವೆ ಇದೇ ಅಲ್ವಾ! ಐಸ್ ಎಂದರೆ ಕಾಶ್ಮೀರದ ವಿಷಯ ಅಂದುಕೊಂಡವರು ಇಲ್ಲೇ ಮೋಸ ಹೋಗುವುದು.

ತನಿಖೆಯವರು ಬರುವ ಹೊತ್ತಿಗೆ ಆ ಐಸ್ ಕರಗಿ ಹೋಗಿರುತ್ತದೆ. ಸಾಕ್ಷಿಯೇ ಇರುವುದಿಲ್ಲ. ಅದಕ್ಕೇ 'ದೋಷ ಕಂಡುಬಂದಿಲ್ಲ' ಅಂತ ಬರೆದ ವರದಿಯಲ್ಲಿ ಆ ಎರಡು ಅಂಕಿ ನೋಡಲೇಬೇಕು. ಜೊತೆಗೆ 1.1ರಲ್ಲಿ ಆರ್‌ಪಿಎಂ ನಿಧಾನಕ್ಕೆ ಇಳಿದದ್ದು ಇದೆಯಾ, ಪೈಲಟ್ ಕಾರ್ಬ್ ಹೀಟ್ (ಕಾರ್ಬ್ಯುರೇಟರ್ ಒಳಗೆ ಬಿಸಿ ಗಾಳಿ ಬಿಡುವ ಹಿಡಿ) ಎಳೆದಿದ್ದನಾ ಅಂತ ಹುಡುಕಿ. ಎಳೆದ ತಕ್ಷಣ ಇಂಜಿನ್ ಇನ್ನೂ ಕೆಮ್ಮುತ್ತದೆ, ಕರಗಿದ ನೀರು ಒಳಗೆ ಹೋಗುವುದರಿಂದ. ಹೆದರಿ ವಾಪಸ್ ತಳ್ಳಿದವರಿದ್ದಾರೆ. ಈಚಿನ 172 ಆರ್, ಎಸ್ ಮಾಡೆಲ್‌ಗಳಲ್ಲಿ ಕಾರ್ಬ್ಯುರೇಟರ್ ಇಲ್ಲ, ಫ್ಯೂಯಲ್ ಇಂಜೆಕ್ಷನ್. ಆ ತಲೆನೋವು ಅವಕ್ಕಿಲ್ಲ.

ಹವಾಮಾನದ ಇನ್ನೊಂದು ಪಾಠ ಮೋಡ. ಇಳಿಯುವಾಗ ಚಕ್ರ ಜಾರಿ ಆಗುವ ಅಪಘಾತಗಳು ಸಂಖ್ಯೆಯಲ್ಲಿ ಜಾಸ್ತಿ, ಆದರೆ ಅಲ್ಲಿ ಸಾಯುವವರು ಕಡಿಮೆ. ಮೋಡದೊಳಗೆ ನುಗ್ಗಿದವು ಸಂಖ್ಯೆಯಲ್ಲಿ ಕಡಿಮೆ, ಬದುಕಿದವರೂ ಕಡಿಮೆ. 1954ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಒಂದು ಪರೀಕ್ಷೆ ಮಾಡಿದರು. ಬರೀ ಮೀಟರ್ ನೋಡಿ ಹಾರಿಸಲು ಕಲಿಯದ 20 ಜನರಿಗೆ ಹೊರಗಿನದ್ದು ಕಾಣದಂತೆ ಮಾಡಿ ಹಾರಿಸಲು ಹೇಳಿದರು. 20 ಜನರೂ ಹಿಡಿತ ಕಳೆದುಕೊಂಡರು. ಸರಾಸರಿ 178 ಸೆಕೆಂಡಿನಲ್ಲಿ. ಮೂರು ನಿಮಿಷ ಕೂಡ ಇಲ್ಲ. 1999ರ ಜುಲೈಯಲ್ಲಿ ಅಮೆರಿಕದ ಅಧ್ಯಕ್ಷ ಕೆನಡಿಯ ಮಗ ಜಾನ್ ಎಫ್ ಕೆನಡಿ ಜೂನಿಯರ್ ಅವರ ಪೈಪರ್ ವಿಮಾನ ಸಮುದ್ರಕ್ಕೆ ಬಿದ್ದದ್ದೂ ಇದೇ ಕಾರಣಕ್ಕೆ. ರಾತ್ರಿ, ಮಬ್ಬು, ಕೆಳಗೆ ಕಪ್ಪು ನೀರು. ಮೇಲೆ ಯಾವುದು ಕೆಳಗೆ ಯಾವುದು ಗೊತ್ತಾಗಲಿಲ್ಲ. 2021ರ ಡಿಸೆಂಬರಿನಲ್ಲಿ ಕುನೂರಿನ ಹತ್ತಿರ ಜನರಲ್ ಬಿಪಿನ್ ರಾವತ್ ಅವರಿದ್ದ ಹೆಲಿಕಾಪ್ಟರ್ ಬಿದ್ದಾಗಲೂ ತನಿಖೆ ಹೇಳಿದ್ದು ಕಣಿವೆಯಲ್ಲಿ ಹವಾಮಾನ ತಟ್ಟನೆ ಬದಲಾಗಿ ಮೋಡದೊಳಗೆ ಹೋದರು ಎಂದೇ. ಅದು ದೊಡ್ಡ ಮಿಲಿಟರಿ ಯಂತ್ರ, ಅನುಭವಿ ಪೈಲಟ್‌ಗಳು. ಮಡಿಕೇರಿ ರಾಜಾಸೀಟಿನಲ್ಲಿ ನಿಂತವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಎದುರಿನ ಕಣಿವೆ ಪೂರ್ತಿ ಕಾಣುತ್ತಿರುತ್ತದೆ, ಕಾಫಿ ಕುಡಿದು ಮುಗಿಸುವಷ್ಟರಲ್ಲಿ ಬೇಲಿ ಕೂಡ ಕಾಣುವುದಿಲ್ಲ.

1.6ರಲ್ಲಿ ಇಂಧನದ ಲೆಕ್ಕ ನೋಡಿ. ಟ್ಯಾಂಕ್ ಖಾಲಿ ಆಗಿ ಬೀಳುವುದು ಕೇಳಲು ನಾಚಿಕೆಯ ವಿಷಯ, ಆದರೂ ಈಗಲೂ ನಡೆಯುತ್ತದೆ. ಒಂದು ಟ್ಯಾಂಕಿನಲ್ಲಿ ಪೆಟ್ರೋಲ್ ಇದ್ದು ಇನ್ನೊಂದು ಖಾಲಿಯಾಗಿ ಇಂಜಿನ್ ನಿಲ್ಲುವುದೂ ಇದೆ. ಗಾಯಕ ಜಾನ್ ಡೆನ್ವರ್ 1997ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ತೀರಿಕೊಂಡರಲ್ಲ, ಅವರ ವಿಮಾನದಲ್ಲಿ ಟ್ಯಾಂಕ್ ಬದಲಿಸುವ ಹಿಡಿಯನ್ನು ಎಡ ಭುಜದ ಹಿಂದೆ ಕೂರಿಸಿದ್ದರು. ಅದನ್ನು ತಿರುಗಿಸಲು ಮೈ ತಿರುಗಿಸಿದಾಗ ವಿಮಾನ ಹಿಡಿತ ತಪ್ಪಿತು. ಪೆಟ್ರೋಲ್ ಹಾಕಿಕೊಡುತ್ತೇವೆ ಅಂದದ್ದಕ್ಕೆ ಬೇಡ ಅಂದು ಹೊರಟಿದ್ದರು. ಇದೂ ನೆಲದ ಮೇಲೆಯೇ ಶುರುವಾದದ್ದು.

ಪೆಟ್ರೋಲಿನಲ್ಲಿ ನೀರು ಸೇರುವುದು ಮಳೆಗಾಲದ ಕಾಯಿಲೆ. ಸೆಸ್ನಾದ ಟ್ಯಾಂಕ್ ಮುಚ್ಚಳ ರೆಕ್ಕೆಯ ಮೇಲಿರುತ್ತದೆ. ರಬ್ಬರ್ ಸವೆದರೆ ಹೊರಗೆ ನಿಲ್ಲಿಸಿದ ವಿಮಾನಕ್ಕೆ ಮಳೆ ನೀರು ಇಳಿಯುತ್ತದೆ. ನೀರು ಭಾರ, ತಳದಲ್ಲಿ ಕೂರುತ್ತದೆ. ಅದಕ್ಕೇ ಹಾರುವ ಮುಂಚೆ ಕೆಳಗಿನ ನಳದಿಂದ ಒಂದು ಪಾರದರ್ಶಕ ಕಪ್ಪಿಗೆ ಹಿಡಿದು ನೋಡಬೇಕು. ಏವ್‌ಗ್ಯಾಸ್ 100 ಎಲ್ಎಲ್, ಅಂದರೆ ಸಣ್ಣ ವಿಮಾನಗಳ ಪೆಟ್ರೋಲ್, ನೀಲಿ ಬಣ್ಣ. ತಳದಲ್ಲಿ ಬಣ್ಣವಿಲ್ಲದ ಗುಳ್ಳೆ ಕಂಡರೆ ನೀರು. ಕಪ್ ತುಂಬ ಒಂದೇ ಥರ ತಿಳಿಯಾಗಿ ಕಂಡರೆ 'ಕ್ಲೀನ್ ಇದೆ' ಅನ್ನಬೇಡಿ, ಅದು ಪೂರ್ತಿ ನೀರೇ ಇರಬಹುದು. ನೀಲಿ ಇದೆಯಾ, ಪೆಟ್ರೋಲ್ ವಾಸನೆ ಇದೆಯಾ ನೋಡಿ.

1.12ರಲ್ಲಿ ಪ್ರೊಪೆಲ್ಲರ್ ಫೋಟೋ ಇದ್ದರೆ ಅಲ್ಲೇ ಸ್ವಲ್ಪ ನಿಲ್ಲಿ. ಇದು ನನ್ನ ಇಷ್ಟದ ಪುಟ. ಎರಡೂ ಬ್ಲೇಡ್ ಎಸ್ ಆಕಾರಕ್ಕೆ ತಿರುಚಿ, ತುದಿ ಮುಂದಕ್ಕೆ ಬಾಗಿ, ಅಗಲಕ್ಕೆ ಗೀರು ಬಿದ್ದಿದ್ದರೆ ನೆಲಕ್ಕೆ ತಾಗುವಾಗ ಇಂಜಿನ್ ಶಕ್ತಿ ಕೊಡುತ್ತಿತ್ತು. ಒಂದು ಬ್ಲೇಡ್ ನೆಟ್ಟಗಿದ್ದು ಇನ್ನೊಂದು ಸುಮ್ನೆ ಹಿಂದಕ್ಕೆ ಮಡಚಿದ್ದರೆ ಇಂಜಿನ್ ಆಗಲೇ ನಿಂತಿತ್ತು, ಇಲ್ಲವೇ ತುಂಬಾ ನಿಧಾನ ತಿರುಗುತ್ತಿತ್ತು. ಟಿವಿಯಲ್ಲಿ 'ಇಂಜಿನ್ ಕೈಕೊಟ್ಟಿತು' ಅಂತ ಕೂಗುತ್ತಿರುವಾಗ ಆ ಒಂದು ಫೋಟೋ ಬೇರೆಯೇ ಹೇಳುತ್ತಿರುತ್ತದೆ.

ಇಂಜಿನ್ ಸರಿ ಇದ್ದೂ ಬೀಳುವುದು ಸ್ಟಾಲ್ ಆಗಿ. ವೇಗ ಕಡಿಮೆಯಾಗಿ ಮೂತಿ ಜಾಸ್ತಿ ಮೇಲೆತ್ತಿದಾಗ ರೆಕ್ಕೆ ಎತ್ತುವುದನ್ನು ನಿಲ್ಲಿಸುತ್ತದೆ. ತಿರುವಿನಲ್ಲಿ ಇದು ಇನ್ನೂ ಬೇಗ. 45 ಡಿಗ್ರಿ ವಾಲಿದರೆ ಸ್ಟಾಲ್ ವೇಗ 19 ಪರ್ಸೆಂಟ್ ಏರುತ್ತದೆ, 60 ಡಿಗ್ರಿಗೆ 41 ಪರ್ಸೆಂಟ್. ಇಳಿಯಲು ರನ್‌ವೇ ಕಡೆ ಕೊನೆಯ ತಿರುವು ತಗೊಳ್ಳುವಾಗ ದಾಟಿ ಹೋದೆ ಅನ್ನಿಸಿ ಬಿಗಿಯಾಗಿ ಎಳೆದರೆ ಮುಗಿಯಿತು, ಸರಿಪಡಿಸಿಕೊಳ್ಳಲು ಎತ್ತರವೇ ಇರುವುದಿಲ್ಲ. 1980ರಲ್ಲಿ ದೆಹಲಿಯಲ್ಲಿ ಸಂಜಯ್ ಗಾಂಧಿ ಪಿಟ್ಸ್ ವಿಮಾನದಲ್ಲಿ ತೀರಿಕೊಂಡದ್ದು ಕೂಡ ಕೆಳ ಎತ್ತರದಲ್ಲಿ ಕಸರತ್ತು ಮಾಡುವಾಗ.

ಕನ್ನಡದವರು ಸಣ್ಣ ವಿಮಾನ ಅಂದರೆ 2004ರ ಏಪ್ರಿಲ್ ನೆನೆಯುತ್ತಾರೆ. ಜಕ್ಕೂರಿನಿಂದ ಹೊರಟ ಸೆಸ್ನಾ 180 ಮೇಲೇರಿದ ಸ್ವಲ್ಪ ಹೊತ್ತಿಗೇ ಬಿತ್ತು, ನಟಿ ಸೌಂದರ್ಯ ಸೇರಿ ಅದರಲ್ಲಿದ್ದವರೆಲ್ಲ ಹೋದರು. ಅದರ ಕಾರಣದ ಬಗ್ಗೆ ನಾನು ಇಲ್ಲಿ ಏನೂ ಹೇಳುತ್ತಿಲ್ಲ. ಆದರೆ ಟೇಕಾಫ್‌ನ ಯಾವ ವರದಿ ಓದಿದರೂ ಮಾಡಬೇಕಾದ ಒಂದು ಲೆಕ್ಕ ಇದೆ, ಅದಕ್ಕೆ ಜಕ್ಕೂರನ್ನೇ ತೆಗೆದುಕೊಳ್ಳೋಣ. ಅದು ಸಮುದ್ರ ಮಟ್ಟದಿಂದ ಸುಮಾರು 3,000 ಅಡಿ. ಆ ಎತ್ತರಕ್ಕೆ ಇರಬೇಕಾದ ಶಾಖ 9 ಡಿಗ್ರಿ, ಸಮುದ್ರ ಮಟ್ಟಕ್ಕೆ 15 ಇಟ್ಟು ಸಾವಿರ ಅಡಿಗೆ 2 ಕಳೆದರೆ ಬರುವುದು. ಬೇಸಿಗೆ ಮಧ್ಯಾಹ್ನ 35 ಇದೆ ಅನ್ನಿ. ವ್ಯತ್ಯಾಸ 26. ಒಂದೊಂದು ಡಿಗ್ರಿಗೆ 120 ಅಡಿ ಸೇರಿಸಿ: 3,120. ಅಂದರೆ ವಿಮಾನದ ಪಾಲಿಗೆ ಅದು 6,100 ಅಡಿ ಎತ್ತರದ ರನ್‌ವೇ. ಗಾಳಿ ತೆಳು, ಇಂಜಿನ್ ಬಲ ಕಡಿಮೆ, ಓಟ ಉದ್ದ. ಅದರ ಮೇಲೆ ನಾಲ್ಕು ಸೀಟಿಗೆ ನಾಲ್ಕು ಜನ, ಟ್ಯಾಂಕ್ ಭರ್ತಿ! ನಮ್ಮ ಕೊಡಗಿನ ಕೂಡಿಗೆಯಲ್ಲಿ ಕಿರು ವಿಮಾನ ನಿಲ್ದಾಣದ ಮಾತು ಆಗಾಗ ಏಳುತ್ತದಲ್ಲ, ಅದು ಬಂದರೂ ಇದೇ ಲೆಕ್ಕ ಮಾಡಬೇಕು.

ಪೈಲಟ್ ವಿವರದಲ್ಲಿ ಒಟ್ಟು ಗಂಟೆಗಿಂತ ಆ ಮಾಡೆಲ್‌ನಲ್ಲಿ ಎಷ್ಟು ಗಂಟೆ, ಕಳೆದ 30 ದಿನದಲ್ಲಿ ಎಷ್ಟು ಅನ್ನುವುದು ಮುಖ್ಯ.

ಸ್ಕೂಲಿಗೆ ಹೋದಾಗ ಲಾಗ್‌ಬುಕ್ ತೋರಿಸಿ ಅಂತ ಕೇಳಿ. ಕೊಡದಿದ್ದರೆ ಅದೂ ಒಂದು ಉತ್ತರ. ಒಂದೇ ಸ್ನ್ಯಾಗ್ (ಹಾರಾಟದಲ್ಲಿ ಕಂಡ ದೋಷ) ಎರಡು ಮೂರು ಸಲ ಮತ್ತೆ ಮತ್ತೆ ಬರೆದಿದ್ದಾರಾ ನೋಡಿ. ಪ್ರೊಪೆಲ್ಲರ್ ಯಾವಾಗಲಾದರೂ ನೆಲಕ್ಕೆ ತಾಗಿದೆಯಾ ಕೇಳಿ. ತಾಗಿದ್ದರೆ ಇಂಜಿನ್ ಒಳಗೆ ಬಿಚ್ಚಿ ನೋಡಿರಬೇಕು, ಬರೀ ಬ್ಲೇಡ್ ಬದಲಿಸಿದರೆ ಸಾಲದು. ದೊಡ್ಡ ರಿಪೇರಿ ಆದ ಮೇಲಿನ ಮೊದಲ ಹಾರಾಟಕ್ಕೆ ಮಾತ್ರ ಹತ್ತಬೇಡಿ. ಫಿಟ್ಟರ್ ಆಗಿಯೇ ಹೇಳುತ್ತಿದ್ದೇನೆ. ಕಂಟ್ರೋಲ್ ಕೇಬಲ್ ಉಲ್ಟಾ ಜೋಡಿಸಿದ ಘಟನೆಗಳು ಜಗತ್ತಿನ ತುಂಬ ಇವೆ.

ಮೈಕ್ರೋಲೈಟಿನಲ್ಲಿ ಸುಮ್ನೆ ಒಂದು ಸುತ್ತು ಹಾಕಿ ಬರುವವರು ಇಷ್ಟೆಲ್ಲ ಓದುವುದಿಲ್ಲ ಅಂತ ನನಗೂ ಗೊತ್ತು. ಅವರು ಹಣ ಕಟ್ಟುವ ಮುಂಚೆ ಒಂದೇ ಒಂದು ಕೇಳಲಿ: ಗಾಳಿ, ಮೋಡ ಇದೆ, ಹಾರುವುದು ಬೇಡ ಅಂತ ಪೈಲಟ್ ಹೇಳಿದರೆ ಹಣ ಪೂರ್ತಿ ವಾಪಸ್ ಬರುತ್ತದಾ? ಹಣ ವಾಪಸ್ ಬರದ ಕಡೆ, ಬೆಂಗಳೂರಿನಿಂದ ಐದಾರು ಗಂಟೆ ಕಾರು ಓಡಿಸಿಕೊಂಡು ಬಂದವರು ಭಾನುವಾರ ಬೆಳಿಗ್ಗೆ ಪೈಲಟ್ ಪಕ್ಕದಲ್ಲಿ ನಿಂತು ಮೋಡ ನೋಡುತ್ತಾ "ಹೋಗಬಹುದು ಅಲ್ವಾ ಸಾರ್?" ಅಂತ ಕೇಳುತ್ತಿರುತ್ತಾರೆ.