ಬಲಕ್ಕೆ ಬಾಗುವ ಡ್ರೈವ್: ಮೊದಲು ಕ್ಲಬ್‌ನ ಮುಖ, ಆಮೇಲೆ ಸ್ವಿಂಗ್‌ನ ದಾರಿ

ಗಾಲ್ಫ್‌ನಲ್ಲಿ ಟೀ, ಅಂದರೆ ಚೆಂಡನ್ನಿಡುವ ಸಣ್ಣ ಗೂಟದ ಮೇಲಿನಿಂದ ಹೊಡೆದ ಚೆಂಡು ಸ್ವಲ್ಪ ದೂರ ಸರಿಯಾಗಿ ಸಾಗಿ, ಆಮೇಲೆ ಬಲಕ್ಕೆ ಬಾಗುತ್ತ ಫೇರ್‌ವೇ ಎಂಬ ಹುಲ್ಲು ಕತ್ತರಿಸಿದ ಪಟ್ಟಿಯನ್ನೇ ಬಿಟ್ಟು ಹೋಗುವುದಕ್ಕೆ ಸ್ಲೈಸ್ ಎನ್ನುತ್ತಾರೆ. ಬೆಳಗಾವಿಯಲ್ಲಿ ಕ್ರಿಕೆಟ್ ಆಡಿ ಬೆಳೆದು, ವಯಸ್ಸು ಬಂದ ಮೇಲೆ ಗಾಲ್ಫ್ ಹಿಡಿದವರಿಗೆ ಈ ದೋಷ ಬೇಗ ಅಂಟಿಕೊಳ್ಳುತ್ತದೆ. ಕವರ್ ಡ್ರೈವ್ ಹೊಡೆಯುವಾಗ ಬ್ಯಾಟಿನ ಮುಖವನ್ನು ಚೆಂಡಿನ ಕಡೆಗೆ ತೆರೆದೇ ಇಡುವುದು ಗುಣ. ಗಾಲ್ಫ್‌ನಲ್ಲಿ ಅದೇ ಅಭ್ಯಾಸ ಚೆಂಡನ್ನು ಬಲಕ್ಕೆ ಅಟ್ಟುತ್ತದೆ. ಇಲ್ಲಿ ಹೇಳುವುದೆಲ್ಲ ಬಲಗೈ ಆಟಗಾರರನ್ನು ಕುರಿತದ್ದು. ಎಡಗೈಯವರು ಎಡಬಲಗಳನ್ನು ಅದಲುಬದಲು ಮಾಡಿಕೊಂಡು ಓದಬೇಕು.

ದೋಷ ಹುಡುಕುವಾಗ ಸ್ವಿಂಗ್‌ಗಿಂತ ಮೊದಲು ಚೆಂಡನ್ನು ಗಮನಿಸಬೇಕು. ಚೆಂಡು ಯಾವ ದಿಕ್ಕಿಗೆ ಹೊರಡುತ್ತದೆ ಎಂಬುದನ್ನು ಬಹುಪಾಲು ನಿರ್ಧರಿಸುವುದು ತಾಗುವ ಕ್ಷಣದಲ್ಲಿ ಕ್ಲಬ್‌ನ (ಹೊಡೆಯುವ ಕೋಲಿನ) ಮುಖ ಎತ್ತ ನೋಡುತ್ತಿದೆ ಎಂಬುದು. ಆಮೇಲೆ ಅದು ಎತ್ತ ಬಾಗುತ್ತದೆ ಎಂಬುದನ್ನು ನಿರ್ಧರಿಸುವುದು ಆ ಮುಖಕ್ಕೂ ಕ್ಲಬ್ ಸಾಗಿ ಬಂದ ದಾರಿಗೂ ಇರುವ ಅಂತರ. ಎಡಕ್ಕೆ ಹೊರಟು ಬಲಕ್ಕೆ ಬಾಗಿದರೆ ದಾರಿ ಹೊರಗಿನಿಂದ ಒಳಕ್ಕೆ, ಅಂದರೆ ಚೆಂಡಿನ ಆಚೆ ಬದಿಯಿಂದ ಆಟಗಾರನ ಕಡೆಗೆ, ಬಂದಿದೆ, ಮುಖ ಆ ದಾರಿಗಿಂತ ಬಲಕ್ಕೆ ತೆರೆದಿದೆ. ಬಲಕ್ಕೇ ಹೊರಟು ಇನ್ನೂ ಬಲಕ್ಕೆ ಬಾಗಿದರೆ ಮುಖ ಗುರಿಗಿಂತಲೂ ಬಲಕ್ಕೆ ತೆರೆದಿದೆ. ಬಾಗದೆ ನೇರವಾಗಿ ಎಡಕ್ಕೇ ಹೋದರೆ ಮುಖ ಮತ್ತು ದಾರಿ ಎರಡೂ ಒಟ್ಟಿಗೇ ಎಡಕ್ಕೆ ತಿರುಗಿವೆ. ತಾಗುವ ಅವಧಿ ಒಂದು ಸೆಕೆಂಡಿನ ಎರಡು ಸಾವಿರದಲ್ಲಿ ಒಂದು ಭಾಗದಷ್ಟು ಮಾತ್ರ ಇರುವುದರಿಂದ, ಆ ಕ್ಷಣದಲ್ಲಿ ಕೈಯಿಂದ ಏನನ್ನೂ ತಿದ್ದಲಾಗದು. ತಿದ್ದುವುದೆಲ್ಲ ಅದಕ್ಕೂ ಮೊದಲೇ ಆಗಬೇಕು. ಬಾಗುವಿಕೆಯನ್ನು ಲೆಕ್ಕಕ್ಕೆ ಹಿಡಿಯದಿದ್ದರೂ, ಹೊರಡುವ ದಿಕ್ಕಿನಲ್ಲಿ ಒಂದೇ ಡಿಗ್ರಿ ತಪ್ಪಿದರೆ 200 ಮೀಟರ್ ದೂರದಲ್ಲಿ ಚೆಂಡು ಸುಮಾರು 3.5 ಮೀಟರ್ ಪಕ್ಕಕ್ಕೆ ಸರಿದಿರುತ್ತದೆ. ಐದು ಡಿಗ್ರಿ ತಪ್ಪಿದರೆ 17 ಮೀಟರ್‌ಗೂ ಹೆಚ್ಚು.

ಹೆಚ್ಚಿನವರು ಮಾಡಿಕೊಳ್ಳುವ ಪರಿಹಾರವೇ ರೋಗವನ್ನು ಬೆಳೆಸುತ್ತದೆ. ಚೆಂಡು ಬಲಕ್ಕೆ ಹೋಗುತ್ತದೆಂದು ಪಾದ ಮತ್ತು ಭುಜಗಳನ್ನು ಇನ್ನಷ್ಟು ಎಡಕ್ಕೆ ತಿರುಗಿಸಿ ನಿಂತರೆ ಕ್ಲಬ್ ಇನ್ನಷ್ಟು ಹೊರಗಿನಿಂದ ಒಳಕ್ಕೆ ಬರುತ್ತದೆ, ಮುಖಕ್ಕೂ ದಾರಿಗೂ ಅಂತರ ಹೆಚ್ಚುತ್ತದೆ, ಬಾಗುವಿಕೆಯೂ ಹೆಚ್ಚುತ್ತದೆ. ಆದ್ದರಿಂದ ನೆಲದ ಮೇಲೆ ಎರಡು ಕೋಲುಗಳನ್ನಿಟ್ಟು, ಒಂದನ್ನು ಚೆಂಡಿನಿಂದ ಗುರಿಯ ಕಡೆಗೂ ಇನ್ನೊಂದನ್ನು ಅದಕ್ಕೆ ಸಮಾನಾಂತರವಾಗಿ ಪಾದಗಳ ತುದಿಗೂ ಹೊಂದಿಸಿ, ನಿಲುವನ್ನು ಮೊದಲು ನೇರ ಮಾಡಿಕೊಳ್ಳಬೇಕು. ಚೆಂಡು ಎಡ ಹಿಮ್ಮಡಿಯ ಒಳಬದಿಯ ನೇರಕ್ಕೆ ಇರಲಿ. ಅದಕ್ಕಿಂತ ಗುರಿಯ ಕಡೆಗೆ ಮುಂದಿದ್ದರೆ ಅದನ್ನು ಮುಟ್ಟಲು ಭುಜಗಳು ತಾವಾಗಿ ಎಡಕ್ಕೆ ತೆರೆದುಕೊಳ್ಳುತ್ತವೆ. ಟೀಯ ಎತ್ತರ, ಡ್ರೈವರನ್ನು (ದೂರ ಹೊಡೆಯುವ ಉದ್ದನೆಯ ಕ್ಲಬ್ಬನ್ನು) ನೆಲಕ್ಕೆ ಇಟ್ಟಾಗ ಅರ್ಧ ಚೆಂಡು ಅದರ ತಲೆಯ ಮೇಲೆ ಕಾಣುವಷ್ಟಿದ್ದರೆ ಸಾಕು.

ಇನ್ನು ಗ್ರಿಪ್, ಅಂದರೆ ಕ್ಲಬ್ಬಿನ ಹಿಡಿಯನ್ನು ಕೈಗಳು ಹಿಡಿಯುವ ರೀತಿ. ನನ್ನ ಅಭಿಪ್ರಾಯದಲ್ಲಿ ಸ್ಲೈಸ್‌ನ ಚಿಕಿತ್ಸೆ ಇಲ್ಲಿಂದಲೇ ಆರಂಭವಾಗಬೇಕು, ಏಕೆಂದರೆ ತೆರೆದ ಮುಖವನ್ನು ಮುಚ್ಚದೆ ದಾರಿಯನ್ನಷ್ಟೇ ತಿದ್ದಿದರೆ ಚೆಂಡು ಬಲಕ್ಕೇ ಹೊರಡುತ್ತದೆ, ಅದನ್ನು ಕಂಡ ಆಟಗಾರ ಹೆದರಿ ಹಳೆಯ ದಾರಿಗೇ ಮರಳುತ್ತಾನೆ. ಎಡಗೈ ಹಿಡಿತವನ್ನು ಅಂಗೈಗಿಂತ ಬೆರಳುಗಳ ಬುಡದಲ್ಲಿ ಇಟ್ಟು, ಮೇಲಿನಿಂದ ನೋಡಿದಾಗ ಎರಡರಿಂದ ಮೂರು ಗೆಣ್ಣುಗಳು ಕಾಣುವಂತೆ ಕೈಯನ್ನು ಬಲಕ್ಕೆ ಹೊರಳಿಸಬೇಕು. ಎರಡೂ ಕೈಗಳಲ್ಲಿ ಹೆಬ್ಬೆರಳು ಮತ್ತು ತೋರುಬೆರಳುಗಳ ನಡುವಿನ ಗೆರೆ ಬಲ ಭುಜದ ಕಡೆಗೆ ನೋಡುತ್ತಿರಲಿ. ಬಿಗಿ ಹಿಡಿತ ಬೇಡ. ಬೆಳಗಾವಿಯ ಜುಲೈ ಮಳೆಯಲ್ಲಿ ಕ್ಲಬ್ಬಿನ ಹಿಡಿ ಒದ್ದೆಯಾಗಿ, ಜಾರುವ ಭಯಕ್ಕೆ ಆಟಗಾರ ಅದನ್ನು ಹಿಸುಕಿ ಹಿಡಿಯುತ್ತಾನೆ. ಆಗ ಮುಂಗೈ ಹೊರಳುವುದಿಲ್ಲ, ಮುಖ ತೆರೆದೇ ಉಳಿಯುತ್ತದೆ. ಒಣ ಬಟ್ಟೆಯೊಂದನ್ನು ಚೀಲದ ಒಳಗೇ ಇಟ್ಟುಕೊಂಡಿರುವುದು ಈ ಋತುವಿನಲ್ಲಿ ಹೊಸ ಡ್ರೈವರ್ ಕೊಳ್ಳುವುದಕ್ಕಿಂತ ಹೆಚ್ಚು ಉಪಯುಕ್ತ.

ಗ್ರಿಪ್ ಬದಲಾದ ಮೇಲೆ ಕೆಲವು ದಿನ ಚೆಂಡು ಎಡಕ್ಕೆ ಹೊರಟು ಎಡಕ್ಕೇ ಹೋಗಬಹುದು. ಇದು ಒಳ್ಳೆಯ ಲಕ್ಷಣ: ಮುಖ ಮುಚ್ಚಲು ಕಲಿತಿದೆ, ದಾರಿ ಮಾತ್ರ ಹಳೆಯದಾಗಿದೆ. ಈಗ ದಾರಿಯನ್ನು ಹಿಡಿಯಬೇಕು. ಹೊರಗಿನಿಂದ ಒಳಕ್ಕೆ ಬರುವ ಸ್ವಿಂಗ್‌ನ ಮೂಲ ಬಹುತೇಕ ಒಂದೇ: ಹಿಂದಕ್ಕೆ ಎತ್ತಿದ ಕ್ಲಬ್ ಕೆಳಗಿಳಿಯುವಾಗ ಬಲ ಭುಜ ಮೊದಲು ಮುಂದಕ್ಕೆ ನುಗ್ಗುತ್ತದೆ. ಕೆರೆಯ ನೀರಿನ ಮೇಲೆ ಚಪ್ಪಟೆ ಕಲ್ಲನ್ನು ಕಪ್ಪೆಯಂತೆ ಹಾರಿಸುವಾಗ ನಡು ಮೊದಲು ತಿರುಗಿ, ಮೊಣಕೈ ಪಕ್ಕೆಗೆ ಹತ್ತಿರವಿದ್ದು, ಕೈ ಕೊನೆಗೆ ಬರುವ ಕ್ರಮವನ್ನು ಇಲ್ಲಿಗೆ ತಂದುಕೊಳ್ಳಬೇಕು. ಅಭ್ಯಾಸಕ್ಕೆ ಬಲಗಾಲನ್ನು ಒಂದು ಗೇಣು ಹಿಂದಕ್ಕೆ ಇಟ್ಟು, ಚೆಂಡಿನ ಆಚೆ ಬದಿಗೆ ಸ್ವಲ್ಪ ಹಿಂದೆ ಕ್ಲಬ್‌ನ ಬಟ್ಟೆಯ ಕವಚವನ್ನಿಟ್ಟು, ಅದನ್ನು ತಾಗಿಸದೆ ಅರ್ಧ ವೇಗದಲ್ಲಿ ಹೊಡೆಯಬೇಕು. ಕವಚ ಹಾರಿತೆಂದರೆ ಭುಜ ಮತ್ತೆ ಮುಂದೆ ನುಗ್ಗಿದೆ ಎಂದರ್ಥ. ಪೂರ್ಣ ವೇಗಕ್ಕೆ ಅವಸರ ಮಾಡಬಾರದು.

ಮುಖ ಮತ್ತು ದಾರಿ ಸರಿಯಿದ್ದೂ ಚೆಂಡು ಬಾಗಿದರೆ ಅದು ತಾಗಿದ ಜಾಗವನ್ನು ನೋಡಬೇಕು. ಕ್ಲಬ್‌ನ ಮುಖಕ್ಕೆ ಟಾಲ್ಕಂ ಪೌಡರ್ ಸವರಿ ಹೊಡೆದರೆ ಗುರುತು ಉಳಿಯುತ್ತದೆ. ಡ್ರೈವರ್‌ನ ಹಿಮ್ಮಡಿಯ ಕಡೆ, ಅಂದರೆ ಶಾಫ್ಟ್‌ಗೆ (ಕ್ಲಬ್ಬಿನ ಉದ್ದ ಕೋಲಿಗೆ) ಹತ್ತಿರ, ತಾಗಿದ ಚೆಂಡಿಗೆ ಬಲಕ್ಕೆ ಬಾಗುವ ಸುತ್ತು ಸೇರುತ್ತದೆ. ತುದಿಯ ಕಡೆ ತಾಗಿದರೆ ಎಡಕ್ಕೆ. ಗುರುತು ಸದಾ ಹಿಮ್ಮಡಿಯ ಕಡೆಗೇ ಬರುತ್ತಿದ್ದರೆ ಸ್ವಲ್ಪ ದೂರ ಸರಿದು ನಿಂತು, ಹಿಡಿಯನ್ನು ಒಂದು ಇಂಚು ಕೆಳಗೆ ಹಿಡಿದು ನೋಡಬೇಕು. ಮಳೆಗಾಲದಲ್ಲಿ ಶೆಡ್ಡಿನ ಒಳಗೆ ಬಲೆ ಕಟ್ಟಿ ಹೊಡೆಯುವವರಿಗೆ ಚೆಂಡಿನ ಹಾರಾಟ ಕಾಣುವುದಿಲ್ಲವಾದರೂ ಈ ಗುರುತಾದರೂ ಕಾಣುತ್ತದೆ.

ಎಡಕ್ಕೆ ಬಾಗುವ ಹುಕ್ ಇದ್ದವರು ಇದೇ ಕ್ರಮವನ್ನು ತಿರುಗಿಸಬೇಕು: ಎಡಗೈಯಲ್ಲಿ ಕಾಣುವ ಗೆಣ್ಣುಗಳನ್ನು ಕಡಿಮೆ ಮಾಡಿ, ಚೆಂಡು ತೀರಾ ಹಿಂದೆ ಸರಿದಿಲ್ಲವೇ ಎಂದು ನೋಡಬೇಕು.

ತಿದ್ದಿದ್ದು ನಿಂತಿದೆಯೇ ಎಂದು ಪರೀಕ್ಷಿಸಲು ಗಾಳಿಯಿಲ್ಲದ ಮುಂಜಾನೆಯೇ ಸರಿ. ಬೆಳಗಾವಿಯಲ್ಲಿ ಮಳೆಗಾಲದ ಗಾಳಿ ಪಶ್ಚಿಮದ ಕಡೆಯಿಂದ ಬೀಸುತ್ತದೆ. ಉತ್ತರಕ್ಕೆ ಮುಖ ಮಾಡಿ ಹೊಡೆಯುವವನಿಗೆ ಅದು ಎಡದಿಂದ ಬಂದು ಸಣ್ಣ ಬಾಗುವಿಕೆಯನ್ನೂ ದೊಡ್ಡದು ಮಾಡುತ್ತದೆ, ದಕ್ಷಿಣಕ್ಕೆ ಹೊಡೆಯುವವನ ಸ್ಲೈಸನ್ನು ಮುಚ್ಚಿ ಹಾಕುತ್ತದೆ. ಗಾಳಿ ಇರುವ ದಿನವೇ ನೋಡಬೇಕಾಗಿ ಬಂದರೆ ಎರಡೂ ದಿಕ್ಕಿಗೆ ಕೆಲವು ಚೆಂಡುಗಳನ್ನು ಹೊಡೆದು, ಎರಡರಲ್ಲೂ ಕಂಡ ಬಾಗುವಿಕೆಯನ್ನು ಮಾತ್ರ ಸ್ವಿಂಗ್‌ನ ಲೆಕ್ಕಕ್ಕೆ ಹಾಕಬೇಕು.