1983ರ ಜಪಾನಿ ಐಡಲ್ ಒಬ್ಬಳನ್ನು ಇವತ್ತಿಗೆ ತಂದು ಕತೆ ಬರೆಯೋದು ಹೇಗೆ

ಹಳೇ ಕಾಲದ ಐಡಲ್, ಅಂದರೆ ಜಪಾನಿನಲ್ಲಿ ಕಂಪನಿಗಳು ಬೆಳೆಸುವ ಎಳೆ ವಯಸ್ಸಿನ ಪಾಪ್ ತಾರೆಯೊಬ್ಬಳು, ಇವತ್ತಿನ ಟೋಕಿಯೋದಲ್ಲಿ ಕಣ್ಣು ಬಿಡುವ ಕತೆ ಬರೆಯಬೇಕು ಅಂತ ಆಸೆ ಇರುವವರು ಬೇಕಾದಷ್ಟು ಜನ. ಆದರೆ ಬಹಳಷ್ಟು ಕತೆ ಮೂರನೇ ಪುಟಕ್ಕೇ ನಿಂತುಹೋಗುತ್ತದೆ. ಸ್ಮಾರ್ಟ್‌ಫೋನ್ ನೋಡಿ ಅವಳು ಬೆಚ್ಚಿಬಿದ್ದದ್ದಾಯಿತು, ಎಲ್ಲರೂ ನಕ್ಕಿದ್ದಾಯಿತು, ಆಮೇಲೆ ಏನು? ಫೋನ್ ಬಳಸೋದನ್ನು ಹದಿನೆಂಟರ ಹುಡುಗಿ ಒಂದು ವಾರದಲ್ಲಿ ಕಲಿತುಬಿಡುತ್ತಾಳೆ. ಕತೆ ಇರೋದು ಅಲ್ಲಿ ಅಲ್ಲ.

ಮೊದಲು ವರ್ಷ ಗಟ್ಟಿ ಮಾಡಿಕೊಳ್ಳಿ. ಸುಮ್ನೆ "ಎಂಬತ್ತರ ದಶಕ" ಅಂದರೆ ಸಾಲದು. ನಾನಾದರೆ 1983ರ ಅಕ್ಟೋಬರ್ ಇಡುತ್ತೇನೆ. ಹುಡುಗಿಯ ಹೆಸರು ಯುಮಿ ಅಂದುಕೊಳ್ಳಿ, ಮೊದಲ ರೆಕಾರ್ಡ್ ಬಂದದ್ದು 1982ರಲ್ಲಿ. ಮುಂದೆ ದೊಡ್ಡ ತಾರೆಯರಾದ ನಕಮೊರಿ ಅಕಿನಾ, ಕೊಯಿಝುಮಿ ಕ್ಯೋಕೊ ಇಬ್ಬರೂ ಅದೇ ವರ್ಷ ಬಂದವರು, ಹಾಗಾಗಿ ಯುಮಿಗೆ ಪೈಪೋಟಿ ಎಷ್ಟಿತ್ತು ಅಂತ ಬಿಡಿಸಿ ಹೇಳಬೇಕಾಗಿಲ್ಲ. (ನಿಜವಾದ ಗಾಯಕಿಯರನ್ನು ಕತೆಯ ಹಿನ್ನೆಲೆಯಲ್ಲೇ ಬಿಡಿ, ಅವರ ಬಾಯಲ್ಲಿ ಮಾತು ಹಾಕಬೇಡಿ.)

ವರ್ಷ ಸಿಕ್ಕಿತು ಅಂದರೆ ಅವಳಿಗೆ ಏನು ಗೊತ್ತು, ಏನು ಗೊತ್ತಿಲ್ಲ ಅನ್ನೋದು ತಾನಾಗೇ ತಿಳಿಯುತ್ತದೆ. ವಾಕ್‌ಮನ್ 1979ರದ್ದು, ಅವಳ ಚೀಲದಲ್ಲೇ ಒಂದು ಇರಬಹುದು. ಸೆವೆನ್ ಇಲೆವೆನ್ ಅಂಗಡಿ ಜಪಾನಿಗೆ 1974ರಲ್ಲೇ ಬಂತು, ಆದ್ದರಿಂದ ಅದನ್ನು ನೋಡಿ ಅವಳು ಬೆರಗಾಗಬಾರದು. ಸಿಡಿಯೂ ಹೊಸದಲ್ಲ. ಸೋನಿಯ ಮೊದಲ ಸಿಡಿ ಪ್ಲೇಯರ್ 1982ರ ಅಕ್ಟೋಬರ್‌ನಲ್ಲಿ ಬಂದಿತ್ತು, ಬೆಲೆ 1,68,000 ಯೆನ್, ಕಂಪನಿಯ ದೊಡ್ಡವರ ಕೋಣೆಯಲ್ಲಿ ಅವಳು ಅದನ್ನು ಕಂಡಿರಬಹುದು ಅಷ್ಟೇ. ಆದರೆ ಸರ್ಕಾರಿ ರೈಲ್ವೆ 1987ರಲ್ಲಿ ಹಲವು ಕಂಪನಿಗಳಾಗಿ ಒಡೆದದ್ದು ಗೊತ್ತಿಲ್ಲ. ಜಪಾನಿನಲ್ಲಿ ಚಕ್ರವರ್ತಿ ಬದಲಾದರೆ ಯುಗದ ಹೆಸರೂ ಬದಲಾಗುತ್ತದೆ; ಅವಳ ಕಾಲದ ಶೋವಾ ಯುಗ 1989ರ ಜನವರಿಯಲ್ಲಿ ಮುಗಿದು, ಹೇಸೇಯೂ ಬಂದು ಹೋಗಿ, 2019ರಿಂದ ರೇವಾ ನಡೆಯುತ್ತಿರುವುದು ಗೊತ್ತಿಲ್ಲ. ಎಷ್ಟೋ ಅಂಗಡಿಗಳ ಬೆಲೆ ಚೀಟಿಯಲ್ಲಿ ತೆರಿಗೆ ಬಿಟ್ಟು ಒಂದು, ತೆರಿಗೆ ಸೇರಿಸಿ ಒಂದು ಅಂತ ಎರಡು ಬೆಲೆ ಯಾಕೆ ಅಂತಲೂ ತಿಳಿಯೋದಿಲ್ಲ, ಯಾಕಂದ್ರೆ ಆ ಮಾರಾಟ ತೆರಿಗೆ ಶುರುವಾದದ್ದೇ 1989ರಲ್ಲಿ.

ಮೊದಲ ದೃಶ್ಯಕ್ಕೆ ಫೋನ್ ಬೇಡ, ದುಡ್ಡು ಇಡಿ. ಬಾಯಾರಿದೆ, ರಸ್ತೆ ಬದಿಯಲ್ಲಿ ಪಾನೀಯದ ಯಂತ್ರ ಇದೆ, ಅದು ಅವಳಿಗೆ ಚೆನ್ನಾಗಿ ಗೊತ್ತಿರುವ ವಸ್ತು. ಜೇಬಿನಿಂದ 500 ಯೆನ್ ನಾಣ್ಯ ತೆಗೆದು ಹಾಕುತ್ತಾಳೆ. ಟಣ್ ಅಂತ ಕೆಳಗಿನ ತಟ್ಟೆಗೆ ವಾಪಸ್ ಬೀಳುತ್ತದೆ. ಲಂಗಕ್ಕೆ ಉಜ್ಜಿ ಇನ್ನೊಮ್ಮೆ ಹಾಕುತ್ತಾಳೆ, ಮತ್ತೆ ಟಣ್. ಆ ನಾಣ್ಯ 1982ರಲ್ಲಷ್ಟೇ ಬಂದದ್ದು, ಅವಳ ಲೆಕ್ಕದಲ್ಲಿ ಹೊಚ್ಚ ಹೊಸದು. ಆಮೇಲೆ ಕೊರಿಯಾದ 500 ವೊನ್ ನಾಣ್ಯವನ್ನು ಕೊರೆದು, ತೂಕ ಸರಿಮಾಡಿ ಯಂತ್ರಗಳಿಗೆ ಮೋಸ ಮಾಡಲು ಶುರುಮಾಡಿದ್ದರಿಂದ 2000ದಲ್ಲಿ ಲೋಹ ಬದಲಾಯಿಸಿದರು, 2021ರಲ್ಲಿ ಇನ್ನೊಮ್ಮೆ; ಅದಕ್ಕೇ ಈಗಿನ ಯಂತ್ರ ಅವಳ ಹಳೇ ನಾಣ್ಯವನ್ನು ಒಪ್ಪೋದಿಲ್ಲ. ಕೊನೆಗೆ ಅಂಗಡಿಗೆ ಹೋಗಿ 10,000 ಯೆನ್ ನೋಟು ಕೊಡುತ್ತಾಳೆ. ಅದರ ಮೇಲಿರೋದು ರಾಜಕುಮಾರ ಶೋಟೊಕು. 1984ರ ನವೆಂಬರ್‌ನಲ್ಲಿ ಹೊಸ ನೋಟು ಬಂದ ಮೇಲೆ ಹುಟ್ಟಿದ ಹುಡುಗ ಕೌಂಟರ್‌ನಲ್ಲಿ ನಿಂತಿದ್ದಾನೆ, ನೋಟನ್ನು ತಿರುಗಿಸಿ ಮುರುಗಿಸಿ ನೋಡುತ್ತಾನೆ, ಅವಳ ಮುಖ ನೋಡುತ್ತಾನೆ, ಒಳಗಿರುವ ಯಜಮಾನರನ್ನು ಕರೆಯುತ್ತಾನೆ. ಕಾನೂನಿನ ಪ್ರಕಾರ ಆ ನೋಟು ಇವತ್ತಿಗೂ ನಡೆಯುತ್ತದೆ! ಅದು ಗೊತ್ತಿರುವ ವಯಸ್ಸಾದ ಯಜಮಾನರು ಹೊರಗೆ ಬಂದರೆ ನಿಮ್ಮ ಎರಡನೇ ಪಾತ್ರ ಸಿಕ್ಕಿದ ಹಾಗೆ.

ಜಾಗಗಳನ್ನೂ ಹೀಗೇ ಆರಿಸಿ, ಅರ್ಧ ಉಳಿದಿರಬೇಕು, ಅರ್ಧ ಹೋಗಿರಬೇಕು. ದೊಡ್ಡ ಸಂಗೀತ ಕಾರ್ಯಕ್ರಮಗಳು ನಡೆಯುವ ಬುಡೋಕಾನ್ ಇದ್ದಲ್ಲೇ ಇದೆ, ಜಪಾನಿನ ಸಾರ್ವಜನಿಕ ಟಿವಿ ಸಂಸ್ಥೆಯ ಎನ್‌ಎಚ್‌ಕೆ ಹಾಲ್ ಇದೆ, ಶಿಬುಯಾ ಬಡಾವಣೆಯ 109 ಅನ್ನೋ ಬಟ್ಟೆಅಂಗಡಿಗಳ ಕಟ್ಟಡವೂ ಇದೆ. ಆದರೆ ಐಡಲ್‌ಗಳ ಕಾರ್ಯಕ್ರಮಕ್ಕೆ ಹೆಸರಾಗಿದ್ದ ನಕಾನೊ ಸನ್‌ಪ್ಲಾಜಾ ಸಭಾಂಗಣ 2023ರ ಜುಲೈನಲ್ಲಿ ಬಾಗಿಲು ಹಾಕಿತು. ಯುಮಿ ಗಾಬರಿಯಲ್ಲಿ ಮೊದಲು ಓಡೋದು ಅಲ್ಲಿಗೇ ಅಲ್ವಾ?

ಇನ್ನು ಕೆಲಸದ ವಿಷಯ, ಇಲ್ಲಿ ಆತುರ ಬೇಡ. ಆಗಿನ ಐಡಲ್ ದೂರದಲ್ಲಿರಬೇಕಿತ್ತು. "ಐಡಲ್‌ಗಳು ಶೌಚಾಲಯಕ್ಕೇ ಹೋಗುವುದಿಲ್ಲ" ಅಂತ ಜೋಕ್ ಇತ್ತು, ಅಷ್ಟರ ಮಟ್ಟಿಗೆ ಮುಚ್ಚಿಟ್ಟ ಬದುಕು. ಟಿವಿಯಲ್ಲಿ ದೊಡ್ಡ ವಾದ್ಯವೃಂದದ ಮುಂದೆ ನೇರವಾಗಿ ಹಾಡಬೇಕು, ತಪ್ಪಿದರೆ ಇಡೀ ದೇಶ ನೋಡುತ್ತದೆ. ಸಭಾಂಗಣದಲ್ಲಿ ಬಣ್ಣದ ಕಾಗದದ ಸುರುಳಿಗಳು ವೇದಿಕೆಗೆ ಹಾರಿ ಬರುತ್ತವೆ. ತಲೆಗೆ ಪಟ್ಟಿ ಕಟ್ಟಿಕೊಂಡ ಅಭಿಮಾನಿ ದಳದವರು ಸಾಲಿನ ನಡುವೆ ಲೆಕ್ಕ ಹಾಕಿದಂತೆ ಅವಳ ಹೆಸರು ಕೂಗುತ್ತಾರೆ, ನಮ್ಮ ಅಭಿಮಾನಿ ಸಂಘದವರ ಥರಾನೇ. ಈಗ ಕಾಗದ ಇಲ್ಲ, ಕತ್ತಲಲ್ಲಿ ಅಭಿಮಾನಿಗಳು ಬೀಸುವ ಬಣ್ಣದ ಪೆನ್‌ಲೈಟ್‌ಗಳು. 2005ರಲ್ಲಿ ಟೋಕಿಯೋದ ಅಕಿಹಬಾರಾದಲ್ಲಿ ಶುರುವಾದ ಎಕೆಬಿ48 ತಂಡ "ಹೋಗಿ ಭೇಟಿಯಾಗಬಹುದಾದ ಐಡಲ್" ಅನ್ನೋದನ್ನೇ ಬಂಡವಾಳ ಮಾಡಿಕೊಂಡಿತು. ಸಿಡಿ ಕೊಂಡರೆ ಕೈಕುಲುಕುವ ಟಿಕೆಟ್, ಕೆಲವೇ ಸೆಕೆಂಡು, ಮುಂದಿನವರು ಬನ್ನಿ. ಚಿಕ್ಕ ತಂಡಗಳಲ್ಲಿ ದುಡ್ಡು ಕೊಟ್ಟರೆ ಪಕ್ಕದಲ್ಲಿ ನಿಂತು ತಕ್ಷಣ ಮೂಡುವ ಫೋಟೋ. ರಾತ್ರಿ ಕೋಣೆಯಿಂದ ಲೈವ್ ಬಂದು ನೂಡಲ್ಸ್ ತಿನ್ನುತ್ತಾ ಹರಟಬೇಕು. ಯುಮಿಗೆ ಫೋನ್ ಕಷ್ಟ ಅಲ್ಲ, ಆ ಫೋನಿನ ಮುಂದೆ ನೂಡಲ್ಸ್ ತಿನ್ನೋದು ಕಷ್ಟ. ಆ ಒಂದು ಸಂಜೆಗೆ ಪೂರ್ತಿ ಅಧ್ಯಾಯ ಕೊಡಿ.

ಪ್ರೀತಿ ಮಾಡಬಾರದು ಅನ್ನೋ ಅಲಿಖಿತ ನಿಯಮ ಮಾತ್ರ ಬದಲಾಗಿಲ್ಲ. 2013ರಲ್ಲಿ ಒಬ್ಬ ಐಡಲ್ ತಲೆ ಬೋಳಿಸಿಕೊಂಡು ವಿಡಿಯೋದಲ್ಲಿ ಕ್ಷಮೆ ಕೇಳಿದ್ದಳು. ಅದನ್ನು ಯುಮಿಗೆ ಯಾರಾದರೂ ತೋರಿಸಲಿ. ಅವಳು ಏನೂ ಆಶ್ಚರ್ಯಪಡದೆ ಹೋದರೆ ಅದು ನಿಮ್ಮ ಕತೆಯ ಅತಿ ಖಾರವಾದ ಜಾಗ.

ಯುಮಿಯ ಹಳೇ ಹಾಡು ಇವತ್ತು ಮತ್ತೆ ಓಡೋದು ಹೇಗೆ ಅಂತ ತಲೆ ಕೆಡಿಸಿಕೊಳ್ಳಬೇಡಿ, ನಿಜವಾಗಿಯೂ ಆಗಿದೆ. ಮತ್ಸುಬಾರಾ ಮಿಕಿ 1979ರಲ್ಲಿ ಹಾಡಿದ್ದ ಹಾಡೊಂದು 2020ರ ಕೊನೆಗೆ ದೇಶವಿದೇಶಗಳಲ್ಲಿ ಟಿಕ್‌ಟಾಕ್ ತುಂಬಾ ಹರಿದಾಡಿತು. ಅದನ್ನು ನೋಡಲು ಆಕೆ ಇರಲಿಲ್ಲ, 2004ರಲ್ಲೇ ತೀರಿಕೊಂಡಿದ್ದರು.

ಇಷ್ಟು ವರ್ಷ ಕಾಣೆಯಾಗಿದ್ದವಳ ಸರ್ಕಾರಿ ದಾಖಲೆಯ ಗೊಂದಲವನ್ನು ಒಂದೆರಡು ಸಾಲಲ್ಲಿ ದಾಟಿಬಿಡಿ. ಏಳು ವರ್ಷ ಸುಳಿವೇ ಇಲ್ಲದಿದ್ದರೆ ಜಪಾನಿನ ಕುಟುಂಬ ನ್ಯಾಯಾಲಯ ಆ ವ್ಯಕ್ತಿ ತೀರಿಕೊಂಡಂತೆ ಎಂದು ತೀರ್ಪು ಕೊಡಬಹುದು, ಕೋರ್ಟಿಗೆ ಹೋಗಿ ಅದನ್ನು ರದ್ದು ಮಾಡಿಸಲೂಬಹುದು. ಅಷ್ಟು ಸಾಕು.

ಇದಕ್ಕಿಂತ ರುಚಿಯಾದ ಗೊಂದಲ ಇನ್ನೊಂದಿದೆ. ಜಪಾನಿನ ಮನರಂಜನೆ ಲೋಕದಲ್ಲಿ ಹಿರಿತನ ಅಳೆಯೋದು ವಯಸ್ಸಿನಿಂದ ಅಲ್ಲ, ಮೊದಲು ವೇದಿಕೆ ಹತ್ತಿದ ವರ್ಷದಿಂದ. ಯುಮಿ 1982ರವಳು. ಅಂದರೆ ನಲವತ್ತೈದು ದಾಟಿದ ದೊಡ್ಡ ಗಾಯಕಿಯೂ ಮೇಕಪ್ ಕೋಣೆಯಲ್ಲಿ ಎದ್ದು ನಿಂತು, ಈ ಹದಿನೆಂಟರ ಹುಡುಗಿಗೆ ತಲೆ ಬಾಗಿಸಬೇಕು. ಯುಮಿಗೋ, ಹಿರಿಯರು ಕಂಡರೆ ತಾನೇ ಮೊದಲು ಬಾಗುವ ಅಭ್ಯಾಸ. ಇಬ್ಬರೂ ಬಾಗಿಯೇ ಇರುತ್ತಾರೆ, ಯಾರೂ ಮೊದಲು ತಲೆ ಎತ್ತುವುದಿಲ್ಲ. ಕನ್ನಡದಲ್ಲಿ ಬರೆಯುವವರಿಗೆ ಇದು ವರ. ಹಳೇ ಮ್ಯಾನೇಜರ್ ಅವಳನ್ನು "ನೀನು, ಬಾ, ಹೋಗು" ಅನ್ನಲಿ, ಇವತ್ತಿನ ಮೂವತ್ತರ ಮ್ಯಾನೇಜರ್ "ನೀವು" ಅನ್ನಲಿ, ಅವಳು ಇಬ್ಬರಿಗೂ "ನೀವು" ಅನ್ನಲಿ. ಜೊತೆಯ ತಂಡದ ಹದಿನಾರರ ಹುಡುಗಿಯೊಬ್ಬಳು ಯಾವಾಗ "ನೀವು" ಬಿಟ್ಟು "ನೀನು"ಗೆ ಬರುತ್ತಾಳೆ ಅನ್ನೋದನ್ನು ಬರೆಯೋಕೆ ಮೊದಲೇ ತೀರ್ಮಾನಿಸಿಕೊಳ್ಳಿ, ಯಾಕಂದ್ರೆ ಅರ್ಧ ಬರೆದ ಮೇಲೆ ಎಲ್ಲ ಸಂಭಾಷಣೆ ತಿದ್ದೋದು ದೊಡ್ಡ ತಲೆನೋವು.