ಮುಳ್ಳು ಹೇಳಿದ್ದು ಅರ್ಧ ಸುಳ್ಳು

ನಮ್ಮ ಹಳೆಯ ವ್ಯಾನು ಆಸ್ಟ್ರಿಯಾದ ಇನ್ಸ್‌ಬ್ರುಕ್ ದಾಟಿ, ಇಟಲಿಗೆ ಹೋಗುವ ಬ್ರೆನ್ನರ್ ಘಾಟಿಯ ಕಡೆಗೆ ಏರು ಶುರುವಾಗಿ ಹತ್ತು ನಿಮಿಷ ಆಗಿರಬೇಕು. ಎಂಜಿನ್ ಬಿಸಿ ತೋರಿಸುವ ಟೆಂಪರೇಚರ್ ಮುಳ್ಳು ನಡುವಿನ ಪುಟ್ಟ ದೀಪ ದಾಟಿ ಕೆಂಪಿನತ್ತ ಹೊರಟಿತು. ಜುಲೈ ಬಿಸಿಲಲ್ಲಿ ಹೀಟರ್ ಪೂರ್ತಿ ತಿರುಗಿಸಿದೆ. ಹಿಂದೆ ಕೂತ ಮಕ್ಕಳು ಬೆವರಿ ಬೈದರು. ಹೀಟರ್ ಕೂಡ ಒಂದು ಪುಟ್ಟ ರೇಡಿಯೇಟರ್, ಎಂಜಿನ್ನಿನ ಅಷ್ಟು ಬಿಸಿಯನ್ನು ಅದೂ ಎಳೆದುಕೊಳ್ಳುತ್ತದೆ. ಮುಂದಿನ ಪಾರ್ಕಿಂಗ್‌ನಲ್ಲಿ ನಿಲ್ಲಿಸಿ, ತಣ್ಣಗಾದ ಮೇಲೆ ಮ್ಯೂನಿಕ್‌ಗೆ ವಾಪಸ್ ತಿರುಗಿಸಿದೆವು. ಇಟಲಿಯ ಗಾರ್ದಾ ಸರೋವರದ ಪ್ರವಾಸ ಆ ವರ್ಷ ಕ್ಯಾನ್ಸಲ್.

ನಮ್ಮದು 1986ರ ಫೋಕ್ಸ್‌ವ್ಯಾಗನ್ ಟಿ3 ಕ್ಯಾಂಪರ್, ಒಳಗೇ ಮಲಗಬಹುದಾದ ವ್ಯಾನು. 1.9 ಲೀಟರ್ ಎಂಜಿನ್, 78 ಕುದುರೆ ಶಕ್ತಿ. ಎಂಜಿನ್ ಹಿಂದೆ, ಮಲಗುವ ಹಾಸಿಗೆಯ ಕೆಳಗೆ. ಎಂಜಿನ್ನಿನ ನೀರು ತಣಿಸುವ ರೇಡಿಯೇಟರ್ ಮಾತ್ರ ಮುಂದೆ, ಮೂತಿಯಲ್ಲಿ. ನಡುವೆ ಹೊಟ್ಟೆಯಡಿ ಉದ್ದುದ್ದ ಪೈಪು. ಒಟ್ಟು ಹದಿನಾರು ಹದಿನೇಳು ಲೀಟರ್ ಕೂಲೆಂಟ್, ಅಂದರೆ ಎಂಜಿನ್ ತಣಿಸುವ ದ್ರವ, ಹಿಡಿಯುತ್ತದೆ. ಅಪ್ಪನ ಮ್ಯಾಟಡಾರ್ ಶಿರಾಡಿ ಘಾಟಿಯಲ್ಲಿ ಕಾದರೆ ಬಕೆಟ್ ನೀರು ಸುರಿದು ಮುಂದೆ ಹೋಗುತ್ತಿದ್ದೆವು. ಇದರಲ್ಲಿ ಆ ಆಟ ನಡೆಯಲ್ಲ.

ಗ್ಯಾರೇಜಿನವರು ಬಾನೆಟ್... ಅಲ್ಲ, ಹಿಂದಿನ ಹಾಸಿಗೆ ಎತ್ತಿ ಎರಡು ನಿಮಿಷ ನೋಡಿ, "ಹೆಡ್ ಗ್ಯಾಸ್ಕೆಟ್" ಅಂದರು, ಅಂದರೆ ಎಂಜಿನ್ನಿನ ಹೊಗೆಯನ್ನೂ ನೀರನ್ನೂ ಬೇರೆಯಾಗಿಡುವ ಸೀಲು ಹೋಗಿದೆ ಅಂತ. ಸಾವಿರಗಟ್ಟಲೆ ಯೂರೋ. ಈ ಎಂಜಿನ್‌ಗೆ ಆ ಕೆಟ್ಟ ಹೆಸರು ಇದೆ, ನಿಜ. ಆದರೆ ಏನನ್ನೂ ಅಳೆಯದೆ ಹೇಳಿದ್ದು ನನಗೆ ಸರಿ ಕಾಣಲಿಲ್ಲ. ಗಾಡಿ ಮನೆಗೆ ತಂದೆ.

ಮೊದಲ ಸುಳಿವು ಕೊಟ್ಟಿದ್ದು ಹೆಂಡತಿ. "ಲೈಟ್ ಹಾಕಿದಾಗೆಲ್ಲ ಮುಳ್ಳು ಮೇಲೆ ಹೋಗತ್ತಲ್ರೀ" ಅಂದಳು. ಹಾಕಿ ನೋಡಿದೆ, ಹೌದು. ನೀರು ಅರೆಕ್ಷಣದಲ್ಲಿ ಅಷ್ಟು ಬಿಸಿ ಆಗಲ್ಲ. ಡ್ಯಾಶ್‌ಬೋರ್ಡಿನ ಹಿಂದೆ ಅರ್ಥ್ ವೈರ್ ಸಡಿಲವಾಗಿದ್ದರೆ ಹೀಗಾಗುತ್ತದೆ. ಅಲ್ಲಿಂದ ಮುಂದೆ ಮುಳ್ಳನ್ನು ನಂಬುವುದು ಬಿಟ್ಟು, ಮೂವತ್ತು ಯೂರೋ ಕೊಟ್ಟು ಇನ್ಫ್ರಾರೆಡ್ ಥರ್ಮಾಮೀಟರ್ ತಂದೆ. ಥರ್ಮೋಸ್ಟಾಟ್, ಅಂದರೆ ಬಿಸಿಯಾದಾಗ ತೆರೆದು ನೀರನ್ನು ರೇಡಿಯೇಟರ್‌ಗೆ ಬಿಡುವ ಕವಾಟ, ಕೂರುವ ಜಾಗಕ್ಕೆ ಗುರಿ ಇಟ್ಟೆ. ಮುಳ್ಳು ಕೆಂಪಿನ ಹತ್ತಿರ ಇದ್ದಾಗ ಅಲ್ಲಿ 96 ಡಿಗ್ರಿ. ಅದು ಗಾಬರಿಯ ಅಂಕಿ ಅಲ್ಲ.

ಹಾಗಾದರೆ ಗಾಡಿ ಚೆನ್ನಾಗಿದೆಯಾ? ಇಲ್ಲ. ಊರಿನ ಹತ್ತಿರ ಇರುವ ಇರ್ಷನ್‌ಬರ್ಗ್ ಏರು ಹತ್ತಿಸಿ, ಮೇಲೆ ನಿಲ್ಲಿಸಿ ಅಳೆದೆ. 108. ಅಂದರೆ ಮುಳ್ಳು ಹೇಳಿದ್ದು ಅರ್ಧ ಸುಳ್ಳು, ಅರ್ಧ ನಿಜ.

ಯಾವಾಗ ಬಿಸಿಯಾಗುತ್ತದೆ ಅನ್ನುವುದೇ ಅರ್ಧ ಉತ್ತರ. ಟ್ರಾಫಿಕ್‌ನಲ್ಲಿ ಕಾದು, ಓಡುವಾಗ ತಣ್ಣಗಾದರೆ ಮೊದಲು ಫ್ಯಾನ್ ನೋಡಬೇಕು. ನಮ್ಮದು ತಿರುಗುಮುರುಗು. ಸಿಗ್ನಲ್‌ನಲ್ಲಿ ಸುಮ್ನೆ ನಿಂತಿರುತ್ತಿತ್ತು, ಏರಿನಲ್ಲಿ ಕಾಯುತ್ತಿತ್ತು. ಅಂದರೆ ನೀರು ಸರಿಯಾಗಿ ಹರಿಯುತ್ತಿಲ್ಲ, ಇಲ್ಲವೇ ರೇಡಿಯೇಟರ್ ಬಿಸಿ ಬಿಡುತ್ತಿಲ್ಲ. ಸಮಾಧಾನಕ್ಕೆ ಫ್ಯಾನ್ ಸ್ವಿಚ್ಚಿನ ಕನೆಕ್ಟರ್ ತೆಗೆದು ವೈರ್ ಸೇರಿಸಿದೆ, ಗಿರ್ ಅಂತ ತಿರುಗಿತು.

ಗ್ಯಾಸ್ಕೆಟ್ ಪರೀಕ್ಷೆಗೆ ನೀಲಿ ದ್ರವದ ಕಿಟ್ ಸಿಗುತ್ತದೆ. ಕೂಲೆಂಟ್ ಡಬ್ಬಿಯ ಬಾಯಿಂದ ಗಾಳಿಯನ್ನು ಆ ದ್ರವದ ಮೂಲಕ ಎಳೆಯಬೇಕು. ಎಂಜಿನ್ನಿನ ಹೊಗೆ ನೀರಿಗೆ ನುಗ್ಗುತ್ತಿದ್ದರೆ ಹಳದಿಯಾಗುತ್ತದೆ. ಎರಡು ದಿನ ಮಾಡಿದೆ, ನೀಲಿ ನೀಲಿಯಾಗೇ ಉಳಿಯಿತು. ಆ ರಾತ್ರಿ ನಿದ್ದೆ ಚೆನ್ನಾಗಿ ಬಂತು.

ಥರ್ಮೋಸ್ಟಾಟ್ ಬಿಚ್ಚಿ ಸಾರಿನ ಪಾತ್ರೆಯಲ್ಲಿ ಕುದಿಸಿದೆ. ಮನೆಯಲ್ಲಿ ಏನಾಯಿತು ಅಂತ ಕೇಳಬೇಡಿ. 87ಕ್ಕೆ ಬಾಯಿ ಬಿಡಬೇಕು, ಬಿಟ್ಟಿತು.

ಕೂಲೆಂಟ್ ಡಬ್ಬಿಯ ಒತ್ತಡ ಹಿಡಿಯುವ ಮುಚ್ಚಳ ಮಾತ್ರ ಕೆಟ್ಟಿತ್ತು. ಟಿ3ಯಲ್ಲಿ ಎರಡು ಡಬ್ಬಿ. ಎಂಜಿನ್ ಹತ್ತಿರ ಒತ್ತಡ ಹಿಡಿಯುವುದು ಒಂದು, ಹಿಂದಿನ ನಂಬರ್ ಪ್ಲೇಟ್ ಒಳಗಡೆ ಇನ್ನೊಂದು. ಬಿಸಿಯಾದಾಗ ಮೊದಲಿನದು ನೀರನ್ನು ಈ ಹೊರಗಿನದಕ್ಕೆ ತಳ್ಳಿ, ತಣಿದಾಗ ಒಳಗೆ ಎಳೆದುಕೊಳ್ಳಬೇಕು. ನಮ್ಮದರಲ್ಲಿ ಬೆಳಿಗ್ಗೆ ನೋಡಿದರೆ ಹೊರಗಿನದು ತುಂಬಿ ತುಳುಕುತ್ತಿತ್ತು, ಒಳಗಿನದು ಖಾಲಿಯಾಗುತ್ತಿತ್ತು. ಒತ್ತಡ ಇಲ್ಲದಿದ್ದರೆ ಅರ್ಧ ನೀರು ಅರ್ಧ ಕೂಲೆಂಟ್ ಇದ್ದರೂ 107-108ಕ್ಕೇ ಕುದಿಯುತ್ತದೆ. ನನಗೆ ಸಿಕ್ಕ ಅಂಕಿ ಅದೇ ಅಲ್ವಾ!

ಆದರೆ 108ರವರೆಗೆ ಹೋಗುವುದೇ ಯಾಕೆ? ಮುಂದಿನ ಜಾಲರಿ ತೆಗೆದು ರೇಡಿಯೇಟರ್ ಮೇಲೆ ಥರ್ಮಾಮೀಟರ್ ಆಡಿಸಿದೆ. ಬಹುತೇಕ ಕಡೆ 80ರ ಮೇಲೆ. ಕೆಳಗಿನ ಮೂಲೆಯಲ್ಲಿ ಒಂದು ಅಂಗೈ ಅಗಲಕ್ಕೆ 45. ಅಲ್ಲಿ ಬೆರಳು ತಾಗಿಸಿದರೆ ಬಿಸಿ ಬಿಡುವ ತೆಳು ಲೋಹದ ರೆಕ್ಕೆಗಳು ಹಪ್ಪಳದ ಹಾಗೆ ಉದುರಿದವು. ಮೂವತ್ತು ಚಳಿಗಾಲದ ರಸ್ತೆ ಉಪ್ಪು ಮಾಡಿದ ಕೆಲಸ.

ಹೊಸ ರೇಡಿಯೇಟರ್, ಹೊಸ ಮುಚ್ಚಳ ಹಾಕಿದೆ. ನಂತರ ಗಾಳಿ ತೆಗೆಯುವ ಕೆಲಸ, ಇದರಲ್ಲಿ ಒಂದು ಭಾನುವಾರ ಪೂರ್ತಿ ಹೋಯಿತು. ಮೊದಲ ಸಲ ಸಮತಟ್ಟಿನಲ್ಲೇ ತುಂಬಿಸಿದೆ, ಹೀಟರ್‌ನಿಂದ ತಣ್ಣನೆ ಗಾಳಿ ಬಂತು. ಒಳಗೆ ಗಾಳಿ ಸಿಕ್ಕಿಕೊಂಡಿದೆ ಅನ್ನುವುದಕ್ಕೆ ಅದೇ ಗುರುತು. ಎರಡನೇ ಸಲ ಮುಂಭಾಗವನ್ನು ಸುಮಾರು 40 ಸೆಂಟಿಮೀಟರ್ ಎತ್ತಿದೆ. ಹೀಟರ್ ಪೂರ್ತಿ ತೆರೆದು, ಎಂಜಿನ್ ವೇಗ ನಿಮಿಷಕ್ಕೆ 2000 ಸುತ್ತಿನ ಮೇಲೆ ಇಟ್ಟು ಹೆಂಡತಿ ಹಿಂದಿನಿಂದ ಸುರಿಯುತ್ತಾ ಬಂದಳು. ನಾನು ರೇಡಿಯೇಟರ್ ಮೇಲಿನ ಸ್ಕ್ರೂ ಸಡಿಲಿಸಿ ಕಾದೆ. ಬುಸ್ ಬುಸ್ ಅಂದು, ನೊರೆ ಬಂದು, ಕೊನೆಗೆ ಗುಳ್ಳೆ ಇಲ್ಲದ ನೀರು ಬಂತು.

ಸೆಪ್ಟೆಂಬರ್‌ನಲ್ಲಿ ಮತ್ತೆ ಬ್ರೆನ್ನರ್ ಹತ್ತಿದೆವು, ಮೂರನೇ ಗೇರಿನಲ್ಲಿ. ಟಾಪ್ ಗೇರಿನಲ್ಲಿ ಎಳೆದಾಡಿಸಿದರೆ ಎಂಜಿನ್ ನಿಧಾನ, ಅದರ ಬೆಲ್ಟಿಗೆ ತಿರುಗುವ ನೀರಿನ ಪಂಪೂ ನಿಧಾನ. ಮೇಲೆ ನಿಲ್ಲಿಸಿ ಅಳೆದೆ, 94. ಅರ್ಥ್ ವೈರ್ ಇನ್ನೂ ಸರಿ ಮಾಡಿಲ್ಲ. ಲೈಟ್ ಹಾಕಿದರೆ ಮುಳ್ಳು ಈಗಲೂ ಒಂದು ಸಲ ಹಾರುತ್ತದೆ, ಮಕ್ಕಳು ಹೀಟರ್ ನಾಬ್ ಕಡೆ ನೋಡುತ್ತಾರೆ.